ಸಾರಂಗಿಯ ಬೆನ್ನು ಮುಟ್ಟಿ ನೋಡಿದ ತುಳಜವ್ವ

ಬಹಳ ಹಿಂದೆ, ಭೀಮಾ ಹೊಳೆಯ ದಂಡೆಗೆ ದಂಡಿಹಾಳ ಅಂತ ಒಂದೂರು ಇತ್ತು. ಎಷ್ಟು ಹಿಂದೆ ಅಂದರೆ, ಈಗ ಊರಬಾಗಿಲ ಅಗಸಿ ಮುಂದೆ ಮೂರು ಜನ ಕೈ ಕೂಡಿಸಿದರೂ ತೆಕ್ಕೆಗೆ ಸಿಗದ ಬೇವಿನ ಮರ ಆಗಿನ್ನೂ ಬೀಜದೊಳಗೆ ಮಲಗಿತ್ತು ಅಂತಾರೆ. ಆ ಊರಿನಲ್ಲಿ ತುಳಜವ್ವ ಅಂತ ಒಬ್ಬಳು ಜೀನಗಾರರ ಹೆಣ್ಣುಮಗಳು ಇದ್ದಳು. ಜೀನಗಾರರು ಅಂದರೆ ಕುದುರೆಗೆ ಜೀನು ಹೊಲಿಯುವವರು. ತೊಗಲು ಹದ ಮಾಡುವುದು, ದಾರಕ್ಕೆ ಮೇಣ ತಿಕ್ಕುವುದು, ಉಣ್ಣೆ ತುಂಬುವುದು, ಎಲ್ಲ ಆ ಮನೆಯ ಕೆಲಸ.

ತುಳಜವ್ವ ಕೈ ಇಟ್ಟರೆ ಕುದುರೆಯ ಬೆನ್ನು ಮಾತಾಡುತ್ತಿತ್ತು ಅಂತಾರೆ. ಇನ್ನೂ ಕೆಲವರು ಮುಂದೆ ಹೋಗಿ, ಆಕೆ ಬರೀ ಜೀನು ಮುಟ್ಟಿ ನೋಡಿ ಈ ಕುದುರೆಗೆ ಎಡಗಾಲು ನೋವು, ಇದರ ಸವಾರನಿಗೆ ಹೆಂಡತಿ ಜೊತೆ ಜಗಳ ಅಂತ ಹೇಳುತ್ತಿದ್ದಳು ಅಂತಾರೆ. ಅದು ನಿಜವೋ, ಹೇಳುವವರ ಬಾಯಿಯ ರುಚಿಯೋ, ಆ ಶಿವನಿಗೇ ಗೊತ್ತು. ಆದರೆ ಸಾರಂಗಿಯ ಸಂಗತಿ ಮಾತ್ರ ಹಾಗಲ್ಲ. ಅದನ್ನು ಹೊಳೆಸಾಲಿನ ಏಳು ಹಳ್ಳಿಯವರೂ ಒಂದೇ ಥರ ಹೇಳುತ್ತಾರೆ.

ಸಾರಂಗಿ ಅಂದರೆ ದಂಡಿಹಾಳದ ಹೊಳೆಕುದುರೆ. ಹೊಳೆಕುದುರೆ ಅಂದರೆ ಏನು ಅಂತ ಈಗಿನವರಿಗೆ ಹೇಳಬೇಕು. ದಂಡಿಹಾಳ ಎತ್ತರದ ಮೇಲಿತ್ತು. ಅದರ ಕೆಳಗಿನ ಏಳು ಹಳ್ಳಿ ತಗ್ಗಿನಲ್ಲಿದ್ದವು. ಮೇಲಿನ ಸೀಮೆಯಲ್ಲಿ ಮಳೆ ಸುರಿದು ಹೊಳೆ ಬಂತು ಅಂದರೆ ಮೊದಲು ಕಾಣುವುದು ದಂಡಿಹಾಳದವರಿಗೆ. ಅಲ್ಲಿಂದ ಹೊಳೆ ಹಾವಿನ ಹಾಗೆ ಮೂರು ಸುತ್ತು ಹಾಕಿಕೊಂಡು ಕೆಳಗೆ ಹೋಗುತ್ತಿತ್ತು, ದಾರಿ ಮಾತ್ರ ನೆಟ್ಟಗೆ ಹೋಗುತ್ತಿತ್ತು. ಹಾಗಾಗಿ ಒಂದು ಒಳ್ಳೆಯ ಕುದುರೆ ಇದ್ದರೆ ನೀರಿಗಿಂತ ಮುಂಚೆ ಏಳು ಹಳ್ಳಿ ಮುಟ್ಟಬಹುದು. ಹೊಳೆ ಬಂತು, ದನಕರ ಬಿಚ್ಚಿರಿ, ಕೂಸುಗಳನ್ನು ಎತ್ತಿಕೊಳ್ಳಿರಿ, ದಿಬ್ಬ ಏರಿರಿ ಅಂತ ಕೂಗಿ ಹೇಳಿ ಬರುವುದೇ ಹೊಳೆಕುದುರೆಯ ಕೆಲಸ. ವರ್ಷಕ್ಕೆ ಒಂದು ದಿನ, ಬಹಳ ಆದರೆ ಎರಡು ದಿನದ ಕೆಲಸ. ಆದರೆ ಆ ಒಂದು ದಿನ ತಪ್ಪಿದರೆ ಏಳು ಹಳ್ಳಿಯೇ ತಪ್ಪಿದ ಹಾಗೆ.

ಸಾರಂಗಿ ಕೆಂಪು ಬಣ್ಣದ ಹೆಣ್ಣು ಕುದುರೆ. ಅದರ ಕೆನೆತ ಸಾರಂಗಿ ವಾದ್ಯಕ್ಕೆ ಕಮಾನು ಎಳೆದ ಹಾಗೆ ಉದ್ದಕ್ಕೆ ಬರುತ್ತಿತ್ತು, ಅದಕ್ಕೇ ಆ ಹೆಸರು. ಅದರ ಸವಾರ ದಸ್ತಗೀರಸಾಬ. ತೆಳ್ಳಗಿನ ಮನುಷ್ಯ, ಮಾತು ಕಡಿಮೆ, ಆದರೆ ಹೊಳೆ ಬಂದ ದಿನ ಅವನ ಧ್ವನಿ ಒಂದು ಹರದಾರಿ ಕೇಳುತ್ತಿತ್ತು ಅಂತಾರೆ. ಸಾರಂಗಿಯ ಬೆನ್ನ ಮೇಲಿನ ಜೀನು ತುಳಜವ್ವನ ಗಂಡ ಭವಾನೆಪ್ಪ ಹೊಲಿದದ್ದು. ಅದು ಅವನ ಕೈಯ ಕಡೆಯ ಕೆಲಸ. ಅಂಚಿಗೆ ಕೆಂಪು ದಾರದ ಬಳ್ಳಿ, ಎರಡೂ ಮಗ್ಗುಲಿಗೆ ಒಂದೊಂದು ನವಿಲು. ಜೀನು ನೋಡಲೆಂದೇ ದೂರದಿಂದ ಜನ ಬರುತ್ತಿದ್ದರಂತೆ. ಅದನ್ನು ಕೊಟ್ಟು ಆರು ತಿಂಗಳಿಗೆ ಭವಾನೆಪ್ಪ ಜ್ವರದಲ್ಲಿ ತೀರಿಕೊಂಡ. ಅಂದಿನಿಂದ ತುಳಜವ್ವ ಮನೆಯಲ್ಲೇ ಕೂತು ಬಾರುಕೋಲು, ಹಗ್ಗ, ಚೀಲ ಮಾಡಿಕೊಂಡು ಇದ್ದಳು. ಕುದುರೆಯ ಲಾಯದ ಕಡೆ ಹೋಗಿರಲಿಲ್ಲ. ಅಲ್ಲಿ ಆ ಜೀನು ಗೂಟಕ್ಕೆ ನೇತಾಡುವುದನ್ನು ನೋಡಲು ಆಕೆಗೆ ಆಗುತ್ತಿರಲಿಲ್ಲ.

ಒಂದು ವರ್ಷ ಉತ್ತರಿ ಮಳೆಗೆ ಹೊಳೆ ಬಂತು. ಸಾರಂಗಿ ಏಳು ಹಳ್ಳಿಯನ್ನೂ ಮುಟ್ಟಿತು. ಆದರೆ ತಿರುಗಿ ಬರುವಾಗ ಹಳ್ಳದ ಪಾಚಿಬಂಡೆಯ ಮೇಲೆ ಜಾರಿ ಬಿತ್ತು. ಹಿಂಗಾಲಿಗೆ ದೊಡ್ಡ ಗಾಯ ಆಯಿತು. ಊರಿನ ಗೌಡ ಮಲಕನಗೌಡರಿಗೆ ಕುದುರೆ ಅಂದರೆ ಪ್ರಾಣ. ಗಾಯಕ್ಕೆ ಅರಿಶಿನ, ಬೇವಿನೆಣ್ಣೆ, ತೊಗಟೆಯ ಕಷಾಯ, ಯಾರು ಏನು ಹೇಳಿದರೋ ಅದನ್ನೆಲ್ಲ ಮಾಡಿಸಿದರು. ಕುದುರೆ ಲಾಯ ಬಿಟ್ಟು ಕದಲಬಾರದು ಅಂದರು. ನೆನೆಸಿದ ಹುರುಳಿ, ಕಡಲೆ, ಬೆಲ್ಲ ಎರಡು ಹೊತ್ತು ತಿನ್ನಿಸಿದರು. ದಸರೆಯಿಂದ ಉಗಾದಿಯ ತನಕ ಸಾರಂಗಿ ನಿಂತಲ್ಲೇ ನಿಂತು ತಿಂದಿತು. ಹೊಟ್ಟೆ ನಗಾರಿಯ ಹಾಗೆ ಬಿಗಿದುಕೊಂಡಿತು, ಮೈ ಮಿರಮಿರ ಮಿಂಚಿತು. ನೋಡಿದವರು ಕುದುರೆ ಎಷ್ಟು ಚಂದ ಆಗ್ಯದ ಅಂದರು. ಗೌಡರು ಹಿಗ್ಗಿದರು.

ಉಗಾದಿ ಆಯಿತು, ಗಾಯ ಮಾಯಿತು. ಇನ್ನು ಕೆಲಸಕ್ಕೆ ಹಚ್ಚಬೇಕು ಅಂತ ದಸ್ತಗೀರ ಜೀನು ಬಿಗಿದು, ಲಗಾಮು ಹಾಕಿ, ಬಿಸ್ಮಿಲ್ಲಾ ಅಂತ ಏರಿ ಕೂತ. ನಾಲ್ಕು ಹೆಜ್ಜೆ ಹೋಯಿತೋ ಇಲ್ಲವೋ, ಸಾರಂಗಿ ತಲೆ ಮೊಣಕಾಲಿಗೆ ತಾಗಿಸಿ, ಬೆನ್ನು ಬಿಲ್ಲಿನ ಹಾಗೆ ಮೇಲಕ್ಕೆತ್ತಿ, ಹಿಂಗಾಲು ಝಾಡಿಸಿತು. ದಸ್ತಗೀರ ಮುಂದಿನ ತಿಪ್ಪೆಯ ಮೇಲೆ ಬಿದ್ದ. ತಿಪ್ಪೆ ಇತ್ತು ಅಂತ ಉಳಿದ, ಜನ ನಕ್ಕರು, ಅವನೂ ನಕ್ಕ. ಎರಡನೆಯ ದಿನವೂ ಬಿದ್ದ. ಮೂರನೆಯ ದಿನ ಕಲ್ಲಿನ ಮೇಲೆ ಬಿದ್ದು ಹೆಗಲ ಎಲುಬು ಮುರಿಯಿತು. ಅವತ್ತು ಯಾರೂ ನಗಲಿಲ್ಲ.

ಊರು ಅಂದಮೇಲೆ ಮಾತು. ಕುದುರೆಗೆ ದೃಷ್ಟಿ ಆಗಿದೆ ಅಂದರು ಕೆಲವರು. ಹಳ್ಳದಲ್ಲಿ ಬಿದ್ದಾಗ ಏನೋ ಹೊಕ್ಕಿದೆ ಅಂದರು ಕೆಲವರು. ಕೂತು ತಿಂದ ಸೊಕ್ಕು ಅಂದರು ಬಹಳ ಮಂದಿ. ಕುದುರೆ ಪಳಗಿಸುವ ಒಬ್ಬ ಎಲ್ಲಿಂದಲೋ ಬಂದ, ಬಿಗಿಯಾಗಿ ಕಟ್ಟಿ ಬಾರುಕೋಲಿನಿಂದ ಬಾರಿಸಿದ. ಆಮೇಲೆ ಸಾರಂಗಿ ಜೀನು ಕಂಡರೇ ಕಣ್ಣು ಬೆಳ್ಳಗೆ ಮಾಡಲು ಶುರು ಮಾಡಿತು. ಆ ಮನುಷ್ಯ ಸೊಂಟ ಹಿಡಿದುಕೊಂಡು ಬಂದ ದಾರಿಗೆ ಹೋದ.

ಮಲಕನಗೌಡರು ಮೂರು ದಿನ ಊಟ ಸರಿ ಮಾಡಲಿಲ್ಲವಂತೆ. ಕಡೆಗೆ ಚಾವಡಿಯಲ್ಲಿ ಕೂತು, ಕಾರಹುಣ್ಣಿಮೆಯೊಳಗೆ ಈ ಕುದುರೆ ದಾರಿಗೆ ಬರದಿದ್ದರೆ ಉಪ್ಪಿನ ಹೇರು ಹೊಡೆಯುವವರಿಗೆ ಕೊಟ್ಟುಬಿಡುವುದು, ಬೇರೆ ಕುದುರೆ ತರುವುದು ಅಂತ ಹೇಳಿದರು. ಹೇಳಿದರು, ಆದರೆ ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಯಾಕಂದರೆ ಬೇರೆ ಕುದುರೆಗೆ ಆ ದಾರಿ ಗೊತ್ತಿಲ್ಲ ಅನ್ನುವುದು ಅವರಿಗೂ ಗೊತ್ತಿತ್ತು. ಹೊಳೆ ಬಂದ ದಿನ ದಾರಿಯ ಮೇಲೆ ಮೊಣಕಾಲುದ್ದ ನೀರು ಹರಿಯುತ್ತದೆ, ದಾರಿ ಎಲ್ಲಿ, ಹಳ್ಳ ಎಲ್ಲಿ ತಿಳಿಯುವುದಿಲ್ಲ. ಸಾರಂಗಿಯ ಗೊರಸಿಗೆ ಅದು ತಿಳಿಯುತ್ತಿತ್ತು.

ದಸ್ತಗೀರ ಕೈ ಕುತ್ತಿಗೆಗೆ ಕಟ್ಟಿಕೊಂಡು ತುಳಜವ್ವನ ಮನೆಗೆ ಬಂದ. ಭವಾನೆಪ್ಪನೂ ಅವನೂ ಅಣ್ಣ ತಮ್ಮಂದಿರ ಹಾಗೆ ಇದ್ದವರು, ಆಕೆಯನ್ನು ಅವನು ವೈನಿ ಅಂತಲೇ ಕರೆಯುತ್ತಿದ್ದ. ಕಟ್ಟೆಯ ಮೇಲೆ ಕೂತ. ಆಕೆ ಮಜ್ಜಿಗೆ ಕೊಟ್ಟಳು. ಕುಡಿದ. ಆಮೇಲೆ ಹೇಳಿದ.

"ವೈನಿ, ಎಲ್ಲಾರೂ ಕುದರಿ ಕೆಟ್ಟದ ಅಂತಾರ. ನನಗ ಹಂಗ ಅನಸೂದಿಲ್ಲ. ಅದು ಕೆಡವಿದ ಮ್ಯಾಲ ಓಡಿ ಹೋಗೂದಿಲ್ಲ. ಬಂದು ನನ್ನ ಮಗ್ಗಲ್ಕ ನಿಂದರತದ. ನೀ ಒಂದ್ಸಲ ಬಂದು ನೋಡು."

ಲಾಯಕ್ಕೆ ಹೋಗುವುದೆಂದರೆ ಆ ಜೀನಿನ ಮುಂದೆ ನಿಲ್ಲುವುದು. ತುಳಜವ್ವ ಮಜ್ಜಿಗೆಯ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಅವನು ಎದ್ದು ಹೋದ. ಆದರೆ ಕೆಡವಿದ ಮೇಲೆ ಮಗ್ಗುಲಿಗೆ ಬಂದು ನಿಲ್ಲುತ್ತದೆ ಅನ್ನುವ ಮಾತು ಆಕೆಯ ಮನಸ್ಸಿನಿಂದ ಹೋಗಲಿಲ್ಲ. ಸೊಕ್ಕಿದ್ದರೆ ಓಡಬೇಕಿತ್ತು. ನಿಂತಿತು ಅಂದರೆ ಅದಕ್ಕೆ ಏನೋ ಹೇಳುವುದಿದೆ. ಮರುದಿನ ಬೆಳಿಗ್ಗೆ ಆಕೆ ಸೆರಗು ಬಿಗಿದುಕೊಂಡು ಲಾಯಕ್ಕೆ ನಡೆದಳು.

ಮೊದಲ ದಿನ ಆಕೆ ಕುದುರೆಯನ್ನು ಮುಟ್ಟಲೂ ಇಲ್ಲವಂತೆ. ಹುಲ್ಲಿನ ಹೊರೆಯ ಮೇಲೆ ಕೂತು ನೋಡಿದಳು, ಅಷ್ಟೇ. ಬೆನ್ನ ಮೇಲೆ ಕಂಬಳಿ ಹೊದಿಸಿದರೆ ಸಾರಂಗಿ ಸುಮ್ಮನಿತ್ತು. ಹಗ್ಗ ಹಿಡಿದು ನಡೆಸಿದರೆ ಸುಮ್ಮನೆ ನಡೆಯಿತು. ಗೂಟದಿಂದ ಜೀನು ಇಳಿಸಿದ ಕೂಡಲೇ ಕಿವಿ ಹಿಂದಕ್ಕೆ ಹೋದವು. ಎರಡನೆಯ ದಿನ ಹತ್ತಿರ ಹೋಗಿ ಕುತ್ತಿಗೆಯಿಂದ ಸೊಂಟದ ತನಕ ಅಂಗೈ ಎಳೆದಳು. ಹೆಗಲ ಹಿಂದೆ, ಎರಡೂ ಮಗ್ಗುಲಿಗೆ, ಕೈ ಬಂದಾಗ ಸಾರಂಗಿಯ ತೊಗಲು ನೊಣ ಕೂತ ಹಾಗೆ ಅದುರಿತು. ಹೊಟ್ಟೆ ಎಷ್ಟು ದುಂಡಗಾಗಿತ್ತೋ ಬೆನ್ನು ಅಷ್ಟೇ ಇಳಿದುಹೋಗಿತ್ತು. ಆರು ತಿಂಗಳು ನಿಂತು ನಿಂತು ಬೆನ್ನಿನ ಮಾಂಸ ಕರಗಿ, ಹೆಗಲ ಮೇಲಿನ ಎಲುಬು ಗುಡಿಸಲಿನ ಕೋಲಿನ ಹಾಗೆ ಎದ್ದು ನಿಂತಿತ್ತು. ಮಿಂಚುವ ಕೂದಲಿನ ಕೆಳಗೆ ಅದನ್ನು ಯಾರೂ ನೋಡಿರಲಿಲ್ಲ. ಗೌಡರು ಹೊಟ್ಟೆ ನೋಡಿದ್ದರು.

ಆಗ ತುಳಜವ್ವ ಒಂದು ಕೆಲಸ ಮಾಡಿದಳು. ಒಲೆಯ ಬೂದಿ ತರಿಸಿ, ನೀರಿನಲ್ಲಿ ಕಲಸಿ, ಜೀನಿನ ಒಳಮೈಗೆ ತೆಳ್ಳಗೆ ಬಳಿದಳು. ದಸ್ತಗೀರ ಒಂದೇ ಕೈಯಿಂದ ಸಾರಂಗಿಯ ತಲೆ ಸವರುತ್ತಾ ನಿಂತ. ಆಕೆ ಜೀನನ್ನು ಮೆಲ್ಲಗೆ ಬೆನ್ನ ಮೇಲೆ ಇಟ್ಟು, ಅಂಗೈಯಿಂದ ಒತ್ತಿ, ಮೆಲ್ಲಗೆ ಎತ್ತಿದಳು. ಸಾರಂಗಿಯ ಕೆಂಪು ಬೆನ್ನ ಮೇಲೆ ಬೂದಿಯ ಗುರುತು ಮೂಡಿತ್ತು. ಮುಂದೆ ಎರಡು ಮಚ್ಚೆ, ಹಿಂದೆ ಎರಡು ಮಚ್ಚೆ. ನಡುವೆ ಒಂದು ಗೆರೆಯೂ ಇಲ್ಲ. ಸವಾರನ ಭಾರವೆಲ್ಲ ಆ ನಾಲ್ಕು ಮಚ್ಚೆಯ ಮೇಲೆ, ನಾಲ್ಕು ಮೊಳೆಯ ಮೇಲೆ ಕೂತ ಹಾಗೆ ಕೂತಿತ್ತು.

ತಪ್ಪು ಕುದುರೆಯದಲ್ಲ, ಜೀನಿನದು. ಜೀನು ಭವಾನೆಪ್ಪನದು.

ಆಕೆ ಜೀನು ತಲೆಯ ಮೇಲೆ ಹೊತ್ತು ಮನೆಗೆ ತಂದಳು. ಪಡಸಾಲೆಯಲ್ಲಿ ಇಟ್ಟುಕೊಂಡು ಎದುರಿಗೆ ಕೂತಳು. ಹೊಸದು ಹೊಲಿಯುತ್ತೇನೆ ಅಂದರೆ ಕಾರಹುಣ್ಣಿಮೆಗೆ ಒಂದೂವರೆ ತಿಂಗಳು, ತೊಗಲು ಹದಕ್ಕೆ ಬರಲೇ ಅಷ್ಟು ಬೇಕು. ಇದನ್ನೇ ಬಿಚ್ಚಬೇಕು. ಬಿಚ್ಚುವುದೆಂದರೆ ಗಂಡನ ಕೈಯ ಹೊಲಿಗೆಗೆ ಕತ್ತರಿ ಹಾಕುವುದು. ನೆರೆಯವರು ಬಂದರು, ಹೇಳಿದರು, ಸತ್ತವನ ಕೆಲಸ ಕೆಡಿಸಬಾರದು, ಅದನ್ನು ದೇವರ ಮಾಡದಲ್ಲಿಟ್ಟು ಪೂಜೆ ಮಾಡಬೇಕು ಅಂತ. ಆಕೆ ಹೂಂ ಅಂದಳು. ಎರಡು ದಿನ ಜೀನಿನ ಎದುರಿಗೇ ಕೂತಿದ್ದಳು ಅಂತಾರೆ. ನನ್ನಜ್ಜಿ ಮಾತ್ರ ಎರಡು ದಿನ ಅಲ್ಲ, ರೊಟ್ಟಿ ಬಡಿಯುವಷ್ಟು ಹೊತ್ತು, ದುಡಿಯುವ ಹೆಂಗಸಿಗೆ ಎರಡು ದಿನ ಎಲ್ಲಿಂದ ಬರಬೇಕು ಅನ್ನುತ್ತಿದ್ದಳು.

ಎಷ್ಟು ಹೊತ್ತೋ, ಕಡೆಗೆ ಆಕೆ ಕತ್ತರಿ ತೆಗೆದುಕೊಂಡಳು. ನವಿಲಿನ ಕೆಳಗಿನ ಮೊದಲ ಹೊಲಿಗೆ ಕತ್ತರಿಸಿದಳು. ಆಮೇಲೆ ಎರಡನೆಯದು. ಒಳಪದರು ಬಿಚ್ಚಿ ಮಗುಚಿ ನೋಡಿದಳು. ಒಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಭವಾನೆಪ್ಪ ನಾಲ್ಕು ಬೆರಳಷ್ಟು ತೊಗಲನ್ನು ಹೆಚ್ಚಿಗೆ ಬಿಟ್ಟು ಮಡಚಿಟ್ಟಿದ್ದ. ಉಣ್ಣೆ ತುಂಬುವ ಚೀಲದ ಬಾಯಿಯನ್ನು ಗಟ್ಟಿ ಹೊಲಿಯದೆ, ಎಳೆದರೆ ಬಿಚ್ಚುವ ಹಾಗೆ ಸಡಿಲ ಹೊಲಿಗೆ ಹಾಕಿದ್ದ. ಬೆನ್ನು ಇದ್ದ ಹಾಗೇ ಇರುವುದಿಲ್ಲ, ಒಂದು ದಿನ ಯಾರಾದರೂ ಇದನ್ನು ಬಿಚ್ಚಬೇಕಾಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಬಿಚ್ಚುವ ಕೈ ಯಾರದು ಅನ್ನುವುದೂ ಗೊತ್ತಿತ್ತೋ ಏನೋ. ತುಳಜವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಆಮೇಲೆ ನಕ್ಕಳು. ಗಂಡ ಸತ್ತ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು ಅಂತಾರೆ.

ಹಳೆಯ ಉಣ್ಣೆ ತೆಗೆದು ಹಿಂಜಿದಳು. ಹೊಸ ಉಣ್ಣೆ ಸೇರಿಸಿದಳು. ಮುಂದಿನ ಭಾಗ ಎತ್ತರಿಸಿ, ನಡುವಿನ ಟೊಳ್ಳು ತುಂಬಿ, ದಿನಕ್ಕೆ ಎರಡು ಸಲ ಲಾಯಕ್ಕೆ ಹೋಗಿ ಬೂದಿ ಬಳಿದು ನೋಡಿದಳು. ಆರನೆಯ ದಿನ ಬೂದಿಯ ಗುರುತು ಸಾರಂಗಿಯ ಬೆನ್ನ ಎರಡೂ ಮಗ್ಗುಲಿಗೆ ಬಾಳೆಯ ಎಲೆ ಹಾಸಿದ ಹಾಗೆ ಒಂದೇ ಸಮ ಬಂತು.

ಊರಿಗೆ ಊರೇ ಸೇರಿತು. ದಸ್ತಗೀರನ ಹೆಗಲು ಇನ್ನೂ ಕೂಡಿರಲಿಲ್ಲ, ಬೇರೊಬ್ಬ ಗಟ್ಟಿ ಹುಡುಗ ಏರಿ ಕೂತ. ನಾಲ್ಕು ಹೆಜ್ಜೆಯಲ್ಲ, ಹತ್ತು ಹೆಜ್ಜೆ ಹೋಯಿತು. ಎಲ್ಲರೂ ಹಾಂ ಅಂದರು. ಹನ್ನೊಂದನೆಯ ಹೆಜ್ಜೆಗೆ ಸಾರಂಗಿ ಬೆನ್ನು ಎತ್ತಿತು, ಹುಡುಗ ಅದೇ ತಿಪ್ಪೆಯ ಮೇಲೆ ಬಿದ್ದ.

ಜನ ತುಳಜವ್ವನ ಮುಖ ನೋಡಿದರು. ಗಂಡನ ಜೀನು ಕೆಡಿಸಿದ್ದೂ ಆಯಿತು, ಕುದುರೆ ನೆಟ್ಟಗಾಗಲೂ ಇಲ್ಲ ಅಂತ ಆಡಿಕೊಂಡರು. ಆಕೆಗೆ ನೋವಾಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಆಕೆ ಕುದುರೆಯನ್ನು ನೋಡುತ್ತಾ ನಿಂತಿದ್ದಳು. ಸಾರಂಗಿ ಬಿದ್ದವನ ಮಗ್ಗುಲಿಗೆ ಬಂದು ನಿಂತು ನಡುಗುತ್ತಿತ್ತು.

ಗೌಡರು ಸಾಕು ಬಿಡು ತುಳಜವ್ವ ಅಂದರು. ಆಗ ಆಕೆ ಹೇಳಿದ್ದನ್ನು ಏಳು ಹಳ್ಳಿಯವರೂ ಇವತ್ತಿಗೂ ಅಕ್ಷರ ಬಿಡದೆ ಹೇಳುತ್ತಾರೆ.

"ಗೌಡ್ರ, ನೋವು ಹೋಗೇದ. ಆದ್ರ ನೋವು ಹೋಗೇದ ಅಂತ ಅದಕ್ಕ ಯಾರೂ ಹೇಳಿಲ್ಲ. ಹೇಳಾಕ ದಿವಸ ಹಿಡೀತಾವ. ಬಾಣಂತಿ ಎದ್ದ ದಿನಾನ ಆಕಿ ತಲಿಮ್ಯಾಲ ಎರಡು ಕೊಡಾ ಹೊರಸ್ತೀರೇನು?"

ಕಾರಹುಣ್ಣಿಮೆಗೆ ಇನ್ನೂ ಒಂದು ತಿಂಗಳ ಮೇಲಿತ್ತು. ಅಲ್ಲಿಯ ತನಕ ಕುದುರೆ ನಿನ್ನ ಕೈಯಲ್ಲಿ ಅಂದರು ಗೌಡರು.

ಮೊದಲು ಹುರುಳಿ ನಿಂತಿತು, ಬೆಲ್ಲ ನಿಂತಿತು. ಜೋಳದ ಕಣಕಿ, ಹಸಿಹುಲ್ಲು, ನೀರು, ಅಷ್ಟೇ. ಕೆಲಸವಿಲ್ಲದ ಮೈಗೆ ಕೆಲಸದ ಊಟ ಹಾಕಿದರೆ ಆ ಬಲ ಎಲ್ಲಿಗೆ ಹೋಗಬೇಕು, ಹಿಂಗಾಲಿಗೇ ಹೋಗುತ್ತದೆ ಅಂದಳಂತೆ. ಗೌಡರು ಕದ್ದು ಬೆಲ್ಲ ತಿನ್ನಿಸಲು ಬಂದು ಎರಡು ಸಲ ಸಿಕ್ಕಿಬಿದ್ದರು ಅಂತಾರೆ.

ಆಮೇಲೆ ನಡಿಗೆ. ದಿನಾ ಬೆಳಿಗ್ಗೆ ತುಳಜವ್ವ ಸಾರಂಗಿಯ ಹಗ್ಗ ಹಿಡಿದು, ಬರೀ ಬೆನ್ನಿನಲ್ಲಿ, ಊರಿನಿಂದ ಸೀಮೆಗಲ್ಲಿನ ತನಕ ನಡೆದುಕೊಂಡು ಹೋಗುವಳು, ನಡೆದುಕೊಂಡು ಬರುವಳು. ಎಂಟು ದಿನ ಅಷ್ಟೇ ಮಾಡಿದಳು. ದಿಬ್ಬ ಹತ್ತಿಸಿದಳು, ಇಳಿಸಿದಳು, ಬೆನ್ನಿಗೆ ಮಾಂಸ ಬರಲಿ ಅಂತ. ಆಮೇಲೆ ಕಂಬಳಿ ಹಾಕಿ ನಡೆಸಿದಳು. ಆಮೇಲೆ ಜೀನು ಇಟ್ಟು, ಹೊಟ್ಟೆಪಟ್ಟಿಯನ್ನು ಒಂದೇ ಸಲ ಬಿಗಿಯದೆ, ನಾಲ್ಕು ಹೆಜ್ಜೆಗೊಮ್ಮೆ ಒಂದೊಂದು ತೂತು ಬಿಗಿದು ನಡೆಸಿದಳು. ಆಮೇಲೆ ಜೀನಿನ ಮೇಲೆ ಹೊಟ್ಟಿನ ಚೀಲ ಕಟ್ಟಿದಳು. ಮೊದಲ ದಿನ ಸಾರಂಗಿ ಚೀಲವನ್ನೂ ಎಸೆಯಿತು. ಆಕೆ ಬೈಯಲಿಲ್ಲ. ಚೀಲ ಎತ್ತಿ ಮತ್ತೆ ಕಟ್ಟಿ ಮತ್ತೆ ನಡೆದಳು. ಮೂರನೆಯ ದಿನ ಎಸೆಯಲಿಲ್ಲ. ಐದನೆಯ ದಿನ ಹೊಟ್ಟು ತೆಗೆದು ಉಸುಕು ತುಂಬಿದಳು. ಸಾರಂಗಿ ಒಮ್ಮೆ ಕಿವಿ ಹಿಂದೆ ಮಾಡಿತು, ಆಮೇಲೆ ಮುಂದೆ ಮಾಡಿತು, ನಡೆಯಿತು.

ಇನ್ನು ಸವಾರ. ದಸ್ತಗೀರನ ಹೆಗಲು ಕೂಡಿತ್ತು, ಆದರೆ ಅವನು ದಿನಕ್ಕೊಂದು ನೆಪ ಹೇಳುತ್ತಿದ್ದ. ಇವತ್ತು ಮೋಡ ಇದೆ ಅಂದ, ನಾಳೆ ಶುಕ್ರವಾರ ಅಂದ. ತುಳಜವ್ವನಿಗೆ ಗೊತ್ತಾಯಿತು. ಒಂದು ದಿನ ಸೀಮೆಗಲ್ಲಿನ ಹತ್ತಿರ ಅವನ ಕೈಗೆ ಹಗ್ಗ ಕೊಟ್ಟು ಕೇಳಿದಳು.

"ಹೆದರಿಕಿ ಅದನೇನು?"

"ಅದ, ವೈನಿ," ಅಂದ ಅವನು. ಅಷ್ಟು ಹೇಳಲು ಅವನಿಗೆ ಒಂದು ತಿಂಗಳು ಬೇಕಾಗಿತ್ತು.

ಹಾಗಾದರೆ ನೀನೂ ಇವತ್ತೇ ಏರಬೇಡ ಅಂದಳು ಆಕೆ. ಕುದುರೆ ಒಬ್ಬಂಟಿಯಾಗಿ ಕೆಲಸಕ್ಕೆ ಮರಳುತ್ತಿಲ್ಲ, ನೀನೂ ಮರಳುತ್ತಿದ್ದೀ ಅಂದಳು. ಮೊದಲ ದಿನ ಅವನು ಬರೀ ಜೀನಿನ ಮೇಲೆ ಮೊಣಕೈ ಊರಿ ಸಾರಂಗಿಯ ಜೊತೆ ನಡೆದ. ಎರಡನೆಯ ದಿನ ಹೊಟ್ಟೆ ಕೆಳಗೆ ಮಾಡಿ ಚೀಲದ ಹಾಗೆ ಜೀನಿಗೆ ಅಡ್ಡ ಮಲಗಿದ, ತುಳಜವ್ವ ನಡೆಸಿದಳು. ನೋಡಿದ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ನಗಲಿ ಅಂತ ಅವನು ಮಲಗಿಯೇ ಇದ್ದ. ಮೂರನೆಯ ದಿನ ಕಾಲು ಹಾಕಿ ಕೂತ. ಸಾರಂಗಿ ನಿಂತಿತು. ಬೆನ್ನು ಒಂದಿಷ್ಟು ಗಟ್ಟಿ ಮಾಡಿತು. ತಲೆ ಕೆಳಗೆ ಬಿಡಬೇಡ, ಜಗ್ಗಲೂ ಬೇಡ, ಮಗ್ಗುಲಿಗೆ ತಿರುಗಿಸಿ ಮುಂದೆ ನಡೆಸು ಅಂತ ತುಳಜವ್ವ ಮೆಲ್ಲಗೆ ಹೇಳಿದಳು. ಅವನು ಹಾಗೇ ಮಾಡಿದ. ಸಾರಂಗಿ ಒಂದು ಸುತ್ತು ತಿರುಗಿತು, ಎರಡು ಸುತ್ತು ತಿರುಗಿತು, ಉಸಿರು ಬಿಟ್ಟಿತು. ಕುದುರೆ ಬಿಟ್ಟ ಉಸಿರೋ, ದಸ್ತಗೀರ ಬಿಟ್ಟ ಉಸಿರೋ ತಿಳಿಯಲಿಲ್ಲ ಅಂತಾರೆ. ಆಮೇಲೆ ಇಬ್ಬರೂ ಊರ ಕಡೆ ಸುಮ್ಮನೆ ನಡೆದುಕೊಂಡು ಬಂದರು.

ಕಾರಹುಣ್ಣಿಮೆಯ ದಿನ ಗೌಡರು ಎತ್ತುಗಳ ಜೊತೆ ಸಾರಂಗಿಗೂ ಬಣ್ಣ ಹಚ್ಚಿಸಿದರು. ಉಪ್ಪಿನ ಹೇರಿನವರು ಬಂದವರು ಊಟ ಮಾಡಿ ಹೋದರು.

ಆ ವರ್ಷ ಹೊಳೆ ಅವಸರ ಮಾಡಿತು. ನಾಗರಪಂಚಮಿ ಆದಮೇಲೆ ಬರಬೇಕಾದದ್ದು ಪುನರ್ವಸು ಮಳೆಗೇ ಬಂತು. ಒಂದು ಮಧ್ಯಾಹ್ನ, ದಂಡಿಹಾಳದ ಮೇಲೆ ಬಿಸಿಲು ಬಿದ್ದಿರುವಾಗಲೇ, ನೀರು ಕೆಂಪಗೆ ತಿರುಗಿ ನೊರೆ ಹೊತ್ತು ಏರತೊಡಗಿತು. ಕೆಲಸಕ್ಕೆ ಮರಳಿದ ಮೇಲೆ ಸಾರಂಗಿ ಆ ತನಕ ಮೂರನೆಯ ಹಳ್ಳಿಯ ಆಚೆ ಹೋಗಿರಲಿಲ್ಲ. ಏಳು ಹಳ್ಳಿ ಓಡುವಷ್ಟು ಬೆನ್ನು ಬಂದಿದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ತುಳಜವ್ವನಿಗೂ ಗೊತ್ತಿರಲಿಲ್ಲ.

ದಸ್ತಗೀರ ಏರಿ ಕೂತ. ಹೊಡೆ, ಓಡಿಸು ಅಂತ ಜನ ಕೂಗಿದರು. ಆಕೆ ಲಗಾಮು ಹಿಡಿದು ನಿಂತಳು. ಸೀಮೆಗಲ್ಲಿನ ತನಕ ನಡೆಸು, ಆಮೇಲೆ ಓಡಿಸು ಅಂದಳು. ಹೊಳೆ ಏರುತ್ತಿರುವಾಗ ನಡೆಸುವುದೆಂದರೇನು, ಈಕೆಗೆ ತಲೆ ಕೆಟ್ಟಿದೆಯೇ ಅಂದರು. ಮಲಕನಗೌಡರೂ ಒಂದು ಹೆಜ್ಜೆ ಮುಂದೆ ಬಂದರು. ಬಂದವರು ಆಕೆಯ ಮುಖ ನೋಡಿ ಅಲ್ಲೇ ನಿಂತರು.

"ಈಗ ಕೆಡವಿದ್ರ ಒಂದೂ ಹಳ್ಳಿ ಮುಟ್ಟೂದಿಲ್ಲ," ಅಂದಳು ತುಳಜವ್ವ. "ನಡಸಿದ್ರ ಏಳೂ ಮುಟ್ಟತದ."

ದಸ್ತಗೀರ ನಡೆಸಿದ. ಊರೆಲ್ಲ ಹಲ್ಲು ಕಚ್ಚಿಕೊಂಡು ನೋಡುತ್ತಿರುವಾಗ ಸಾರಂಗಿ ದಿನಾ ನಡೆದ ದಾರಿಯಲ್ಲಿ ದಿನದ ಹಾಗೇ ನಡೆಯಿತು. ಆಕೆ ಮಗ್ಗುಲಿಗೆ ನಡೆದಳು. ಸೀಮೆಗಲ್ಲು ಬಂತು. ಮೈ ಬಿಸಿಯಾಗಿತ್ತು, ಬೆನ್ನು ಸಡಿಲಾಗಿತ್ತು, ಕಿವಿ ಮುಂದಿದ್ದವು. ಆಕೆ ಕೈ ಬಿಟ್ಟಳು. ಸಾರಂಗಿ ಓಡಿದ ರೀತಿಗೆ ಸೀಮೆಗಲ್ಲಿನ ಹತ್ತಿರದ ಮಣ್ಣು ಸಂಜೆಯ ತನಕ ಗಾಳಿಯಲ್ಲೇ ಇತ್ತು ಅಂತಾರೆ.

ಮೊದಲ ಹಳ್ಳಿ ಎದ್ದಿತು, ಎರಡನೆಯದು ಎದ್ದಿತು, ಮೂರನೆಯದು ಎದ್ದಿತು. ನಾಲ್ಕನೆಯ ಹಳ್ಳಿಯ ಮುಂದಿನ ಹಳ್ಳದಲ್ಲಿ ಅದೇ ಪಾಚಿಬಂಡೆ. ಅಲ್ಲಿ ಸಾರಂಗಿ ಗಕ್ಕನೆ ನಿಂತಿತು, ತಲೆ ಇಳಿಸಿತು, ಬೆನ್ನು ಎತ್ತತೊಡಗಿತು. ದಸ್ತಗೀರನ ಮುರಿದ ಹೆಗಲು ಅದನ್ನು ಅವನಿಗಿಂತ ಮೊದಲೇ ತಿಳಿಯಿತಂತೆ. ಬಾರುಕೋಲು ಅವನು ತಂದೇ ಇರಲಿಲ್ಲ. ತಲೆಯನ್ನು ಮಗ್ಗುಲಿಗೆ ತಿರುಗಿಸಿ, ನೀರಿನೊಳಗೇ ಒಂದು ಸುತ್ತು ಹಾಕಿಸಿ, ಬಂಡೆಯ ಮೇಲಿನ ಕಡೆಯಿಂದ ಮುಂದೆ ಬಿಟ್ಟ. ಸಾರಂಗಿ ದಾಟಿತು. ನಾಲ್ಕು, ಐದು, ಆರು. ಏಳನೆಯ ಹಳ್ಳಿಯವರು ಕೂಸುಗಳನ್ನು ಎತ್ತಿಕೊಂಡು ದಿಬ್ಬ ಏರಿ ತಿರುಗಿ ನೋಡಿದಾಗ ನೀರು ಅವರ ಹೊಸ್ತಿಲು ದಾಟುತ್ತಿತ್ತು.

ಆ ಹೊಳೆಗೆ ಏಳು ಹಳ್ಳಿಯಲ್ಲಿ ಒಂದು ಜೀವವೂ ಹೋಗಲಿಲ್ಲ ಅಂತಾರೆ. ಆರನೆಯ ಹಳ್ಳಿಯವರು ಮಾತ್ರ ಒಂದು ಕೋಳಿ ಹೋಯಿತು ಅಂತ ಈಗಲೂ ಹೇಳುತ್ತಾರೆ.

ಮೂರನೆಯ ದಿನ ನೀರು ಇಳಿದ ಮೇಲೆ ದಸ್ತಗೀರ ಮರಳಿ ಬಂದ. ಅವನು ಏರಿ ಬರಲಿಲ್ಲ. ಜೀನು ಬಿಚ್ಚಿ ತನ್ನ ತಲೆಯ ಮೇಲೆ ಹೊತ್ತುಕೊಂಡಿದ್ದ, ಸಾರಂಗಿ ಬರೀ ಬೆನ್ನಿನಲ್ಲಿ ಅವನ ಹಿಂದೆ ಹುಲ್ಲು ಕೀಳುತ್ತಾ ಬರುತ್ತಿತ್ತು, ಹಗ್ಗವೂ ಇರಲಿಲ್ಲ. ತುಳಜವ್ವ ಅಗಸಿಯಲ್ಲಿ ನಿಂತಿದ್ದಳು. ಮೊದಲು ಕುದುರೆಯ ಬೆನ್ನು ಮುಟ್ಟಿ ನೋಡಿದಳು. ಎಲ್ಲಿಯೂ ತೊಗಲು ಅದುರಲಿಲ್ಲ. ಆಮೇಲೆ ಜೀನು ಇಳಿಸಿಕೊಂಡು, ನೀರಿನಲ್ಲಿ ನೆನೆದು ಒಂದು ನವಿಲಿನ ದಾರ ಸಡಿಲಾಗಿದೆ, ನಾಳೆ ಹೊಲಿದುಕೊಡುತ್ತೇನೆ ಅಂದಳು. ಮಲಕನಗೌಡರು ಆಕೆಗೆ ಸೀರೆ ಉಡಿಸಿದರು. ಆಕೆ ಸೀರೆ ಉಟ್ಟುಕೊಂಡೇ ಲಾಯಕ್ಕೆ ಹೋಗಿ ಸಾರಂಗಿಯ ಮುಂದಿದ್ದ ಬೆಲ್ಲ ಎತ್ತಿಟ್ಟಳು ಅಂತಾರೆ.

ಅಲ್ಲಿಂದ ಮುಂದೆ ಆಕೆಯ ಮನೆಯ ಮುಂದೆ ದಿನಾ ಒಂದಲ್ಲ ಒಂದು ಕುದುರೆ ಕಟ್ಟಿರುತ್ತಿತ್ತು. ಆಮೇಲೆ ಎತ್ತುಗಳೂ ಬಂದವು. ಒಂದು ಸಲ ಯಾರೋ ಒಂಟೆಯನ್ನೂ ತಂದಿದ್ದರು, ಆಕೆ ಅದರ ಗೂನು ನೋಡಿ ಬಹಳ ಹೊತ್ತು ಯೋಚನೆ ಮಾಡಿದಳು ಅಂತಾರೆ. ತುಳಜವ್ವ ಬಹಳ ವರ್ಷ ಬದುಕಿದಳು. ಸಾರಂಗಿಗೆ ಎರಡು ಮರಿ ಆದವು, ದಸ್ತಗೀರನಿಗೆ ಮೊಮ್ಮಕ್ಕಳಾದರು. ಒಂದು ದಿನ ಆಕೆ ಪಡಸಾಲೆಯಲ್ಲಿ ಉಣ್ಣೆ ಹಿಂಜುತ್ತಾ ಕೂತವಳು ಗೋಡೆಗೆ ಒರಗಿ ಹಾಗೇ ಕಣ್ಣು ಮುಚ್ಚಿದಳು.

ಈಗ ಹೊಳೆಸಾಲಿನಲ್ಲಿ ಕುದುರೆಗಳಿಲ್ಲ. ಸೀಮೆಗಲ್ಲು ಇದೆ. ಜಡ್ಡಿಗೆ ಬಿದ್ದು ಎದ್ದವರು, ಬಾಣಂತನ ಮುಗಿಸಿದವರು, ಮನೆಯಲ್ಲಿ ಸಾವಾಗಿ ತಿಂಗಳುಗಟ್ಟಲೆ ಕೈ ಕಟ್ಟಿ ಕೂತವರು, ಕೆಲಸಕ್ಕೆ ಮರಳುವ ಮೊದಲ ದಿನ ಏನೂ ಹೊರದೆ ಸೀಮೆಗಲ್ಲಿನ ತನಕ ನಡೆದು ಹೋಗಿ ಬರುತ್ತಾರೆ. ಅವತ್ತು ಅವರಿಗೆ ಯಾರೂ ಬೇರೆ ಕೆಲಸ ಹೇಳುವುದಿಲ್ಲ. ಎತ್ತಿಗೂ ಹಾಗೇ, ಮೊದಲ ದಿನ ಬರೀ ನೊಗ. ರಿಪೇರಿ ಆಗಿ ಬಂದ ಟ್ರ್ಯಾಕ್ಟರನ್ನು ಕೂಡ ಟ್ರಾಲಿ ಕಟ್ಟದೆ ಅಲ್ಲಿಯ ತನಕ ಓಡಿಸಿ ತರುವವರಿದ್ದಾರೆ. ಕೇಳಿದರೆ ನಗುತ್ತಾರೆ, ಆದರೆ ಬಿಡುವುದಿಲ್ಲ.

ನಡೆದು ಮರಳಿ ಬರುವವರನ್ನು ಮೊದಲ ಮನೆಯ ಬಾಗಿಲಲ್ಲಿ ಕೂತವರು ಕೇಳುತ್ತಾರೆ, ಏನಂತಾಳ ತುಳಜವ್ವ ಅಂತ.

ಸಾವಕಾಶ ಅಂತಾಳ ಅನ್ನುತ್ತಾರೆ ಅವರು, ಬರಿಗೈ ಬೀಸಿಕೊಂಡು ಮನೆಗೆ ಹೋಗುತ್ತಾರೆ.